ಗಿರಣಿ ಕಾಕಾರ ಮನೆದೇವರು

ಮೊನ್ನೆ ಪಕ್ಕದ ಮನೆಯ ಸೊಸೆ ತನ್ನ ಜೋಳದ ಜೊತೆ ನನ್ನದನ್ನೂ ಬೀಸಿಸಿಕೊಂಡು ಬಂದಳು. ಮೊಣಕಾಲು ನೋವು ಶುರುವಾದ ಮೇಲೆ ನಾನು ಪಾಕೀಟಿನ ಹಿಟ್ಟಿಗೇ ಒಗ್ಗಿಕೊಂಡವಳು. ಡಬ್ಬಿಯ ಮುಚ್ಚಳ ತೆಗೆದರೆ ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಂತು. ಸ್ವಲ್ಪ ಹುರಿದಂತೆ, ಸ್ವಲ್ಪ ಸಿಹಿ... ಅದರ ಹಿಂದೆಯೇ ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲೆಲ್ಲ ಹಿಟ್ಟಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದ ಗಿರಣಿ ಕಾಕಾ ನೆನಪಾದರು.

ರೋಣದಲ್ಲಿ ನಮ್ಮ ಓಣಿಯ ತುದಿಗೆ ಅವರ ಗಿರಣಿ. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಅಡ್ಡಹೆಸರನ್ನು ಮಾತ್ರ ಬರೆಯದೆ ಗತಿಯಿಲ್ಲ, ಅವರ ಗೋಳೆಲ್ಲ ಅದರಲ್ಲೇ ಇತ್ತು. ಲಕ್ಕಲಕಟ್ಟಿ. ಗಜೇಂದ್ರಗಡದ ಕಡೆಯ ಒಂದು ಹಳ್ಳಿಯ ಹೆಸರು ಅದು. ನಮ್ಮಲ್ಲಿ ಅರ್ಧ ಮಂದಿಗೆ ಊರೇ ಅಡ್ಡಹೆಸರು, ಅದರಲ್ಲೇನೂ ವಿಶೇಷವಿಲ್ಲ.

ಅವರಿಗೆ ಅದು ಬಂದ ಬಗೆ ಮಾತ್ರ ಬೇರೆ. ಕಾಕಾರ ತಂದೆ ಹಾಲುಗೂಸಾಗಿದ್ದಾಗ, ಅವರ ತಾಯಿ ಯಾವುದೋ ಊರಿನ ಹೆಂಗಸರ ಗುಂಪಿನೊಡನೆ ಕೂಸನ್ನು ಬಗಲಲ್ಲಿಟ್ಟುಕೊಂಡು ಇಲ್ಲಿಯ ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ಕೂಲಿಗೆ ಬಂದಿದ್ದಳಂತೆ. ಹಂಗಾಮು ಮುಗಿದು ಉಳಿದವರೆಲ್ಲ ಹೊರಟರೂ ಈಕೆ ಹೋಗಲಿಲ್ಲ. ಗಂಡ ಇಲ್ಲದವಳಿರಬೇಕು. ಆಮೇಲೆ ಜ್ವರ ಬಂದು ತೀರಿಕೊಂಡಳು. ಜಿನ್ನಿನ ಸಾವಕಾರರು ಕೂಸನ್ನು ತಮ್ಮ ಮನೆಯಲ್ಲಿಟ್ಟು ಬೆಳೆಸಿದರು. ಸಾಲೆಗೆ ಹಾಕುವಾಗ ಮಾಸ್ತರರು ಅಡ್ಡಹೆಸರು ಕೇಳಿದರು. ಜಿನ್ನಿನಲ್ಲಿ ಆಕೆಯನ್ನು ಎಲ್ಲರೂ ಲಕ್ಕಲಕಟ್ಟಿಯಾಕಿ ಎನ್ನುತ್ತಿದ್ದರು. ಸಾವಕಾರರು ಅದನ್ನೇ ಹೇಳಿದರು, ಮಾಸ್ತರರು ಅದನ್ನೇ ಬರೆದುಕೊಂಡರು.

ಇಷ್ಟಾಗಿಯೂ ಕಾಕಾ ಅದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಕೆಡಿಸಿದ್ದು ಮೊಮ್ಮಗನ ಜವಳ. ಕೂಸಿನ ಹುಟ್ಟುಗೂದಲನ್ನು ಮನೆದೇವರ ಮುಂದೆಯೇ ತೆಗೆಸಬೇಕಲ್ಲ. ಸಾವಕಾರರ ಮನೆದೇವರು ವೀರಭದ್ರ. ಕಾಕಾರ ತಂದೆಗೆ, ಕಾಕಾರಿಗೆ, ಕಾಕಾರ ಮಗನಿಗೆ ಜವಳ ಆದದ್ದೆಲ್ಲ ಅಲ್ಲೇ. ಮೊಮ್ಮಗನ ಹೊತ್ತಿಗೆ ಕಾಕಾ ಹಟ ಹಿಡಿದರು.

"ಮಂದಿ ದೇವರ ಮುಂದ ಮೂರು ತಲಿ ಬೋಳಿಸಿದ್ವಿ. ಈ ಕೂಸಿಂದರ ನಮ್ಮ ದೇವರ ಮುಂದ ಆಗಲಿ" ಎಂದರು.

ನಮ್ಮ ದೇವರು ಯಾರು ಎಂದು ಕೇಳಿದರೆ ಅದನ್ನೇ ಹುಡುಕಬೇಕು ಎನ್ನುತ್ತಿದ್ದರು. ಕೂಸಿನ ಕೂದಲು ಹೆಗಲಿಗೆ ಬಂತು, ಹೆಗಲು ದಾಟಿತು. ಅವರ ಸೊಸೆ ಎರಡು ಜಡೆ ಹಾಕಿ ಬಿಡುತ್ತಿದ್ದಳು. ನೋಡಿದವರು ಹುಡುಗಿ ಎಂದೇ ತಿಳಿಯುತ್ತಿದ್ದರು. "ಮಾವಾರಿಗೆ ದೇವ್ರು ಸಿಗೂತನಾ ಹೇನು ಯಾರು ತಗೀಬೇಕ್ರಿ?" ಎಂದು ಆಕೆ ನನ್ನೆದುರು ಗೊಣಗುತ್ತಿದ್ದಳು. ಆಕೆಯ ಮಾತಿನಲ್ಲೂ ಸುಳ್ಳಿರಲಿಲ್ಲ.

ಒಂದು ಸೋಮವಾರ ಗಿರಣಿ ಮುಚ್ಚಿ ಕಾಕಾ ಹೊರಟೇಬಿಟ್ಟರು. ಗಜೇಂದ್ರಗಡದವರೆಗೆ ಬಸ್ಸು, ಅಲ್ಲಿಂದ ಟಂಟಂ. ಲಕ್ಕಲಕಟ್ಟಿಯ ಗುಡಿಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ ತಮ್ಮ ಅಡ್ಡಹೆಸರು ಹೇಳಿ, ನಮ್ಮ ಅಣ್ಣತಮ್ಮಂದಿರ ಮನೆ ಯಾವುದು ಎಂದು ಕೇಳಿದರಂತೆ. ಹಿರಿಯರು ನಕ್ಕರಂತೆ.

"ನಮ್ಮೂರಾಗ ಲಕ್ಕಲಕಟ್ಟಿ ಅನ್ನೂ ಮನಿನ ಇಲ್ರಿ ಯಜಮಾನ್ರ. ಊರು ಬಿಟ್ಟು ಹೋದವರಿಗೆ ಮಂದಿ ಇಟ್ಟ ಹೆಸರು ಅದು. ಇಲ್ಲಿದ್ದಾಗ ನಿಮ್ಮ ಮನಿತನಕ್ಕ ಏನಂತಿದ್ರು ಹೇಳ್ರಿ, ಮನಿ ತೋರಸ್ತೀವಿ."

"ಅದನ್ನ ಕೇಳಾಕ ಬಂದೀನ್ರಿ ನಾನು."

ಪಾಪ, ಒಳ್ಳೆಯ ಜನ. ರೊಟ್ಟಿ ಊಟ ಹಾಕಿ ಕಳಿಸಿದರು. ಕೂಸಿನೊಡನೆ ಊರು ಬಿಟ್ಟ ಸೊಸೆ ಯಾವ ಮನೆಯವಳು ಎಂದು ಮನೆಮನೆ ಕೇಳಿಸಿಯೂ ನೋಡಿದರಂತೆ. ಯಾರ ನೆನಪಿನಲ್ಲೂ ಅಂಥದ್ದು ಇರಲಿಲ್ಲ. ಕಾಕಾ ಸೋತವರಲ್ಲ. ಮತ್ತೆ ಹೋದರು, ಮತ್ತೂ ಹೋದರು. ಹೋಗಿಬಂದ ಮರುದಿನ ಗಿರಣಿಯಲ್ಲಿ ನಮಗೆಲ್ಲ ಅದೇ ಕಥೆ.

ಹಾಗೆ ಒಂದು ದಿನ ಕಥೆ ಕೇಳುತ್ತ ನಿಂತಿದ್ದೆ. ಹೊರಗಿನಿಂದ ನಮ್ಮತ್ತೆಯ ದನಿ ಬಂತು: "ನರಗುಂದದಾಕೀ, ಹಿಟ್ಟು ಆತಿಲ್ಲೋ?" ನನ್ನ ತವರು ನರಗುಂದ. ನಮ್ಮ ಮನೆಯ ಮೂವರು ಸೊಸೆಯಂದಿರೂ ತವರೂರಿನ ಹೆಸರಿನಿಂದಲೇ ಕರೆಸಿಕೊಂಡವರು. ಅಪ್ಪ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಹಾಯಾಗಿ ಮಲಗಿತ್ತು. ಓ ಎನ್ನಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ.

"ಕಾಕಾರ, ನನಗ ಈ ಓಣ್ಯಾಗ ಏನಂತಾರ?" ಎಂದು ಕೇಳಿದೆ.

"ನರಗುಂದದಾಕಿ ಅಂತಾರ. ಯಾಕವಾ?"

"ನನ್ನ ಗಂಡನ ಮನಿ ನರಗುಂದ ಏನ್ರಿ?"

ಕಾಕಾರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಷ್ಟು ಹೆಂಗಸರಲ್ಲಿ ಅವರ ಅಜ್ಜಿಯೊಬ್ಬಳೇ ಲಕ್ಕಲಕಟ್ಟಿಯಾಕಿ ಎಂದರೆ, ಆಕೆ ಬಂದದ್ದು ಗಂಡನ ಊರಿನ ಹೆಂಗಸರ ಜೊತೆ ಇರಬೇಕು. ಅವರು ಆಕೆಯನ್ನು ತವರೂರಿನಿಂದ ಕರೆದರು, ಜಿನ್ನಿನವರೂ ಅದನ್ನೇ ಕಲಿತರು. ಹಾಗಾದರೆ ಲಕ್ಕಲಕಟ್ಟಿ ಆಕೆಯ ತವರು. ಮನೆದೇವರು ಬರುವುದು ಗಂಡನ ಮನೆಯಿಂದ. ಆ ಊರು ಯಾವುದೆಂದು ಹೇಳಬಲ್ಲ ಒಂದು ನರಪ್ರಾಣಿಯೂ ರೋಣದಲ್ಲಿ ಉಳಿದಿರಲಿಲ್ಲ. ಕಾಕಾ ಗಿರಣಿಯ ಗುಂಡಿ ಒತ್ತಿ ನಿಲ್ಲಿಸಿದರು. ಚಕ್ರದ ಪಟ್ಟಾ ನಿಧಾನವಾಗುತ್ತ ನಿಂತಿತು.

"ಹಂಗಾದ್ರ ಇಷ್ಟ ದಿನ ಆಕಿ ತವರಿನಾಗ ನಮ್ಮಪ್ಪನ ಮನಿ ಹುಡುಕಿದೆನಾ..." ಎಂದರು.

ಇನ್ನೊಂದು ಸಲ ಹೋದರು. ಈ ಸಲ ಕೇಳಿದ್ದು, ನಿಮ್ಮೂರ ಯಾವ ಮಗಳು ಕೊಟ್ಟ ಮನೆಯಿಂದ ತಿರುಗಿ ಬರಲಿಲ್ಲ ಎಂದು. ಕಟ್ಟೆಯ ಮೇಲಿನ ಹಿರಿಯರೊಬ್ಬರು, "ಕೊಟ್ಟ ಹೆಣ್ಣು ಕುಲಕ್ಕ ಹೊರಗರಿ. ಅಷ್ಟು ಹಿಂದಿನ ಹೆಣಮಕ್ಕಳನ್ನ ಯಾರು ನೆನಪಿಟ್ಟಾರ?" ಎಂದರಂತೆ. ಆಕೆಯ ಹೆಸರು ಹೇಳಿರಿ ಎಂದರು. ಹೆಸರು ಕಾಕಾರಿಗೂ ಗೊತ್ತಿರಲಿಲ್ಲ, ಅವರ ತಂದೆಗೂ ಗೊತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಹೆಳವ ಬಂದ. ಮನೆತನಗಳ ವಂಶ ಹಾಡಿ ಕಾಳು ಪಡೆಯುವವನು. ಚಿಕ್ಕನರಗುಂದದಿಂದ ಹಿಡಿದು ಇಲ್ಲಿಯತನಕ ಒಕ್ಕಲು ಮನೆಗಳ ತಲೆಮಾರುಗಳೆಲ್ಲ ಅವನ ಬಾಯಲ್ಲಿದ್ದವು. ಕಾಕಾ ಅವನನ್ನು ಗಿರಣಿಯ ಮುಂದೆ ಕೂರಿಸಿ ಎಲ್ಲ ಹೇಳಿದರು. ಅವನು ಬೆಡಗು, ಎಂದರೆ ಕುಲದ ಹೆಸರು, ಕೇಳಿದ, ಮನೆದೇವರನ್ನು ಕೇಳಿದ.

"ನಾವು ಹಾಡೂದು ಗಂಡಮಕ್ಕಳ ಸಾಲರಿ ಯಪ್ಪಾ. ಗಂಡನ ಮನಿ ಯಾವುದಂತ ಹೇಳ್ಲಿಲ್ಲಂದ್ರ ಎಲ್ಲಿಂದ ಹಿಡೀಲಿ?" ಎಂದ.

ಕಾಕಾ ಅವನ ಜೋಳಿಗೆಗೆ ಜೋಳ ಸುರಿದು ಕಳಿಸಿದರು. ಆ ವಾರವೇ ಕೂಸನ್ನು ವೀರಭದ್ರನ ಗುಡಿಗೆ ಒಯ್ದರು. ಸೋದರಮಾವನ ತೊಡೆಯ ಮೇಲೆ ಕೂತು ಕೂಸು ಗುಡಿ ಹಾರಿಹೋಗುವಂತೆ ಅತ್ತಿತು. ನಾವೂ ಹೋಗಿದ್ದೆವು, ಹೋಳಿಗೆ ಊಟ ಚೆನ್ನಾಗಿತ್ತು. ಕಾಕಾ ಎಲ್ಲರಿಗೂ ತಾವೇ ನಿಂತು ಬಡಿಸಿದರು, ಗರ್ಭಗುಡಿಯ ಕಡೆ ಮಾತ್ರ ಹೋಗಲಿಲ್ಲ. ಆಮೇಲೆ ಗಿರಣಿಯಲ್ಲಿ ಲಕ್ಕಲಕಟ್ಟಿಯ ಮಾತು ಬರಲಿಲ್ಲ. ನಾವೂ ತೆಗೆಯಲಿಲ್ಲ. ಕೆಲವು ವರ್ಷಕ್ಕೆ ಕಾಕಾ ತೀರಿಕೊಂಡರು...

ಈಗ ಓಣಿಯಲ್ಲಿ ಆ ಗಿರಣಿ ಇಲ್ಲ, ಅಲ್ಲೊಂದು ಮೊಬೈಲ್ ಅಂಗಡಿ. ಅದನ್ನು ನಡೆಸುವವನು ಜಡೆ ಹಾಕಿಸಿಕೊಳ್ಳುತ್ತಿದ್ದ ಅದೇ ಮೊಮ್ಮಗ. ಹಿಟ್ಟಿನ ಡಬ್ಬಿ ತೆಗೆದ ದಿನವೇ ಸಂಜೆ ಅವನು ತನ್ನ ಲಗ್ನಪತ್ರ ಕೊಡಲು ಬಂದ. ಮೇಲೆ ಅರಿಶಿಣ ಹಚ್ಚಿತ್ತು, ಅದರ ಕೆಳಗೆ ಶ್ರೀ ವೀರಭದ್ರೇಶ್ವರ ಪ್ರಸನ್ನ.

"ಮೊದಲನೇ ಪತ್ರ ಮನಿದೇವ್ರಿಗೆ ಇಟ್ಟು ಬಂದೇನ್ರಿ ಅಮ್ಮಾರ. ಎರಡನೇದು ನಿಮಗ" ಎಂದ.

ಅವನ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅವನಿಗೆ ಯಾರೂ ಹೇಳಿಲ್ಲ. ಲಗ್ನದ ಹುಡುಗನಿಗೆ ನಾನ್ಯಾಕೆ ಹೇಳಲಿ? ಚಲೋ ಆತಪ್ಪಾ ಎಂದು ಸಕ್ಕರೆ ಕೊಟ್ಟೆ. ಅವನು ಹೋದ ಮೇಲೆ ಪತ್ರ ಹಿಡಿದುಕೊಂಡು ಬಹಳ ಹೊತ್ತು ಕೂತೆ, ಅಳು ಬಂತು. ಯಾವುದೋ ಊರಿನಲ್ಲಿ, ಆ ಮನೆಯ ವಂಶ ನಿಂತುಹೋಯಿತೆಂದು ಜನ ಮಾತಾಡಿಕೊಂಡು ಎಂದೋ ಮರೆತಿರುತ್ತಾರೆ. ಇಲ್ಲಿ ಆ ವಂಶದ ಹುಡುಗ ಮನೆಮನೆಗೆ ತನ್ನ ಲಗ್ನಪತ್ರ ಹಂಚುತ್ತಿದ್ದಾನೆ.