ಖೈತಾನಿನ ಸೋಫಾದಿಂದ ಲುಕ್ಕಾ ದರ್ಶನ

ಇಟಲಿಯ ಲುಕ್ಕಾ ಎಂಬ ಹಳೆಯ ಊರನ್ನು ನಾನು ಪೂರ್ತಿ ನೋಡಿ ಮುಗಿಸಿದ್ದೇನೆ. ಹಾಗೆಂದು ನನ್ನ ಫೋನೇ ನನಗೆ ಅಭಿನಂದನೆ ಹೇಳಿದೆ. ಕೋಟೆಯ ಮೇಲೆ ನಡೆದೆನಂತೆ, ಗೋಪುರ ಹತ್ತಿದೆನಂತೆ, ದಾರಿಯಲ್ಲಿ ಬಂದ ಒಗಟುಗಳನ್ನೆಲ್ಲ ಬಿಡಿಸಿದೆನಂತೆ. ಇಷ್ಟೆಲ್ಲ ನಡೆಯುವಾಗ ನಾನು ಕುವೈತಿನ ಖೈತಾನಿನಲ್ಲಿ, ನಮ್ಮ ಫ್ಲ್ಯಾಟಿನ ಸೋಫಾದ ಮೇಲೆ ನೈಟಿಯಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದೆ ಎಂಬುದು ಪಾಪ, ಅದಕ್ಕೆ ಗೊತ್ತಿಲ್ಲ.

ಪ್ರವಾಸದ ಯೋಚನೆ ನನ್ನದೇ. ಮಗಳ ಹನ್ನೆರಡನೆಯ ತರಗತಿ ಮುಗಿದಿತ್ತು. ಆಗಸ್ಟಿನಲ್ಲಿ ಮಂಗಳೂರಿನ ಕಾಲೇಜು, ಹಾಸ್ಟೆಲು. ಹುಟ್ಟಿದಂದಿನಿಂದ ನನ್ನನ್ನು ಬಿಟ್ಟು ಒಂದು ರಾತ್ರಿಯೂ ಮಲಗಿದವಳಲ್ಲ. ಅವಳು ಹೋಗುವ ಮುಂಚೆ ನಾವು ಮೂವರೂ ಒಟ್ಟಿಗೆ ಒಂದು ಊರನ್ನು ಕಾಲ್ನಡಿಗೆಯಲ್ಲಿ ತಿರುಗಬೇಕು ಎಂದು ನಾನು ಹಠ ಹಿಡಿದೆ. ಇಲ್ಲಿ ನಡೆಯುವುದೆಂದರೆ ಪಾರ್ಕಿಂಗಿನಿಂದ ಮಾಲಿನ ಬಾಗಿಲವರೆಗೆ, ಅದನ್ನೂ ಜೂನಿನ ಬಿಸಿಲಿಗೆ ಓಡಿಯೇ ಮುಗಿಸಬೇಕು. ಹುಡುಕಿ ಹುಡುಕಿ ಲುಕ್ಕಾದ ಈ ಒಗಟಿನ ನಡಿಗೆಯನ್ನು ಕೊಂಡೆ. ಗೈಡಿಲ್ಲ, ಗುಂಪಿಲ್ಲ. ಫೋನಿನಲ್ಲಿ ಒಂದು ಒಗಟು ಬರುತ್ತದೆ. ಅದು ಹೇಳುವ ಜಾಗ ಯಾವುದೆಂದು ಊಹಿಸಿ, ಅಲ್ಲಿಗೆ ಹೋಗಿ ನೋಡಿ ಉತ್ತರ ಒತ್ತಿದರೆ ಮುಂದಿನ ಒಗಟು. ಒಂದು ಟಿಕೆಟಿಗೆ ಒಂದೇ ಫೋನು. ಆ ಫೋನು ನನ್ನದು.

ವೀಸಾ ಕೌಂಟರಿನ ಹುಡುಗಿ ನನ್ನ ಇಕಾಮಾ ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದಳು. ಇಲ್ಲಿ ವಾಸಕ್ಕಿರುವ ಆ ಪರವಾನಗಿ, ತಿರುಗಾಟ ಮುಗಿಸಿ ಬಂದ ಮೇಲೂ ಕೆಲವು ತಿಂಗಳು ಬಾಕಿ ಇರಬೇಕಂತೆ. ಗಂಡನದೂ ಮಗಳದೂ ಅವರ ಕಂಪೆನಿಯ ಲೆಕ್ಕದಲ್ಲಿ ಭದ್ರವಾಗಿತ್ತು. ನನ್ನದು ನನ್ನ ಆಫೀಸಿನದು, ಮುಗಿಯುವುದರಲ್ಲಿತ್ತು. ನಮ್ಮ ಆಫೀಸಿನಲ್ಲಿ ಸರಕಾರಿ ಕಾಗದಪತ್ರ ಓಡಾಡಿಸುವ ಮಹಾನುಭಾವನೊಬ್ಬನಿದ್ದಾನೆ. ಇಕಾಮಾ ನವೀಕರಿಸಿ ಕೊಡು ಎಂದು ರಂಜಾನಿಗೂ ಮುಂಚಿನಿಂದ ಅವನನ್ನು ಕೇಳುತ್ತಿದ್ದೆ. ಅವನು ಪ್ರತಿ ಸಲವೂ ಎದೆಯ ಮೇಲೆ ಕೈಯಿಟ್ಟು, ಬುಕ್ರಾ, ನಾಳೆ, ಎನ್ನುತ್ತಿದ್ದ. ಅವನ ನಾಳೆ ನಾನು ಕಂಡ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಅವರಿಬ್ಬರ ವೀಸಾ ಬಂತು. ಆ ಸಂಜೆ ಊಟದ ಮೇಜಿನಲ್ಲಿ ನಾನು, "ನೀವಿಬ್ಬರು ಹೋಗಿ ಬನ್ನಿ. ನನ್ನದೆಂಥ ಉಂಟು" ಎಂದೆ.

ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದವರು ಕಾಫಿ ಬೇಡ ಎಂದರೆ ಒಲೆಗೆ ಪಾತ್ರೆ ಇಡಬೇಕು, ಬಡಿಸುವಾಗ ಸಾಕು ಎಂದರೆ ಇನ್ನೊಂದು ಸೌಟು ಹಾಕಬೇಕು. ಹೋಗಿ ಬನ್ನಿ ಎಂದ ಹೆಂಗಸಿಗೆ, ನೀನಿಲ್ಲದೆ ನಾವು ಹೋಗುವುದಾ, ಅದೆಂಥ ಮಾತು, ಎನ್ನಬೇಕು. ಆಮೇಲೆ ನಾನು ಒತ್ತಾಯ ಮಾಡಬೇಕು, ಅವರು ಮತ್ತೆ ಒಲ್ಲೆ ಎನ್ನಬೇಕು, ಕೊನೆಗೆ ನಾನು ಕಣ್ಣೊರೆಸಿಕೊಂಡು ಕಳಿಸಿಕೊಡಬೇಕು. ಕಳಿಸುವುದಿಲ್ಲವೆಂದು ಯಾರು ಹೇಳಿದ್ದರು? ಕ್ರಮ ಒಂದಿದೆಯಲ್ಲ.

ಮಗಳು ಪ್ಲೇಟಿನಿಂದ ತಲೆಯೆತ್ತಿ, "ಆರ್ ಯೂ ಶೂರ್?" ಎಂದಳು. ಶೂರ್ ಎಂದೆ. "ಓಕೆ, ಅಮ್ಮ" ಎಂದು ಮೀನಿನ ಮುಳ್ಳು ತೆಗೆಯುವುದನ್ನು ಮುಂದುವರಿಸಿದಳು. ಕುವೈತಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆಡಿದಷ್ಟೇ ಅರ್ಥವಾಗುತ್ತದೆ. ನಮ್ಮವರಂತೂ ಮದುವೆಯಾಗಿ ಇಷ್ಟು ವರ್ಷವಾದರೂ ಬಾಯಲ್ಲಿ ಅನ್ನವಿದ್ದಾಗ ಮಾತಾಡುವವರಲ್ಲ.

ಅಂದಿನಿಂದ ನನಗೆ ಬೇಕಾದದ್ದು ಒಂದೇ. ಲುಕ್ಕಾವೂ ಬೇಡ, ಇಟಲಿಯೂ ಬೇಡ. ನಾನಿಲ್ಲದ್ದು ಆ ಹುಡುಗಿಗೆ ಎಲ್ಲೋ ಒಂದು ಕಡೆ ಚುರುಕ್ಕೆನ್ನಬೇಕು. ಇಲ್ಲವಾದರೆ ಆಗಸ್ಟಿನಲ್ಲಿ ಅವಳು ಹಾಸ್ಟೆಲಿನ ಮೆಟ್ಟಿಲನ್ನೂ ಹೀಗೆಯೇ ಓಕೆ ಅಮ್ಮ ಎಂದು ಹತ್ತಿಬಿಡುತ್ತಾಳೆ, ನಾನು ಈ ಫ್ಲ್ಯಾಟಿನಲ್ಲಿ ಏಸಿಯ ಸದ್ದು ಕೇಳಿಕೊಂಡು ಇರಬೇಕು. ಒಗಟಿನ ಪಾಸ್‌ವರ್ಡ್ ಕಳಿಸಿದ್ದರೆ ಅವರೇ ಆಡಿಕೊಳ್ಳುತ್ತಿದ್ದರು. ನಾನು ಕಳಿಸಲಿಲ್ಲ. ಅಷ್ಟು ದೊಡ್ಡ ಮನಸ್ಸು ದೇವರು ನನಗೆ ಕೊಟ್ಟಿಲ್ಲ. ನಾನು ಇಲ್ಲಿಂದ ಓದುತ್ತೇನೆ, ನೀವು ಅಲ್ಲಿ ಹುಡುಕಿ ಎಂದೆ.

ಅವರು ಲುಕ್ಕಾ ತಿರುಗಿದ್ದು ಶುಕ್ರವಾರ, ಇಲ್ಲಿ ನನಗೆ ರಜೆ. ಟ್ಯಾಬಿನಲ್ಲಿ ಅವರ ವಿಡಿಯೋ ಕಾಲು, ಫೋನಿನಲ್ಲಿ ಒಗಟು, ಮಡಿಲಲ್ಲಿ ಅಲಸಂಡೆ. ನಮ್ಮವರಿಗೆ ಈ ವ್ಯವಸ್ಥೆ ಹೊಸತೇನಲ್ಲ. ವಾರವಾರವೂ ಜಮಿಯಾದ, ಅಂದರೆ ಇಲ್ಲಿನ ಸಹಕಾರಿ ಅಂಗಡಿಯ, ತರಕಾರಿ ಸಾಲಿನಿಂದ ವಿಡಿಯೋ ಹಚ್ಚಿ, ಪಾರ್ಸ್ಲಿ ಕಟ್ಟನ್ನು ಮುಖಕ್ಕೆ ಹಿಡಿದು, ಇದು ಕೊತ್ತಂಬರಿಯಾ ಎಂದು ಕೇಳುವವರು. ಲುಕ್ಕಾದಲ್ಲೂ ಹಾಗೆಯೇ ಕಟ್ಟಡ ಕಟ್ಟಡಕ್ಕೂ ಕ್ಯಾಮೆರಾ ಹಿಡಿದು, ಇದಾ, ಇದಾ, ಎಂದು ಕೇಳಿದರು.

ಆ ದಿನ ನಾನು ಬಹಳ ಮರ್ಯಾದೆಯಿಂದ ನಡೆದುಕೊಂಡೆ. ನಮ್ಮ ಮನೆಯಲ್ಲಿ ನಾನು ಮರ್ಯಾದೆಯಿಂದ ಮಾತಾಡಿದರೆ ಯಾರದೋ ಗ್ರಹಚಾರ ಕೆಟ್ಟಿದೆ ಎಂದರ್ಥ. ಒಗಟು ಓದುವುದು, ಸರಿ ಎನ್ನುವುದು, ಥ್ಯಾಂಕ್ಯೂ ಎನ್ನುವುದು, ಅಷ್ಟೆ. ಕೂದಲು ಕಟ್ಟು ಎನ್ನಲಿಲ್ಲ, ಬೆನ್ನು ನೆಟ್ಟಗೆ ಮಾಡು ಎನ್ನಲಿಲ್ಲ. ತಿಳಿಯಲಿ ಎಂದೇ ಸುಮ್ಮನಿದ್ದೆ.

ಮೊದಲ ಒಗಟು, ಮೂಲೆಯೇ ಇಲ್ಲದ ಚೌಕಕ್ಕೆ ಅತಿ ತಗ್ಗಿನ ಬಾಗಿಲಿನಿಂದ ಬಾ ಎಂದಿತು. ಹಿಂದೆ ಅದು ಮೃಗಗಳನ್ನು ಕಾದಾಡಿಸುತ್ತಿದ್ದ ಅಖಾಡವಂತೆ. ಈಗ ಮೊಟ್ಟೆಯಾಕಾರದಲ್ಲಿ ಸುತ್ತಲೂ ಹಳದಿ ಮನೆಗಳು, ನಡುವೆ ಹೋಟೆಲಿನವರ ಕುರ್ಚಿಗಳು. ಮೂಲೆಯಿಲ್ಲದ ಜಾಗದಲ್ಲಿ ನಮ್ಮವರು ಕಂಗಾಲಾದರು. ಖೈತಾನಿನಲ್ಲಿ ಯಾವ ವಿಳಾಸವಾದರೂ ಒಂದು ಬಕಾಲಾ ಅಂಗಡಿಯ ಮೂಲೆಯಿಂದಲೇ ಶುರುವಾಗುವುದು. ಆ ತಗ್ಗಿನ ಬಾಗಿಲು ಸಿಗದೆ ಎರಡು ಸುತ್ತು ಹಾಕಿ, ಕೊನೆಗೆ ಆಟಿಕೆ ಮಾರುತ್ತಿದ್ದ ಬಾಂಗ್ಲಾದವನೊಬ್ಬನನ್ನು ಕಂಡು, ಸ್ವಂತ ಊರಿಗೆ ಬಂದವರಂತೆ "ಭಾಯಿ" ಎಂದು ಕರೆದರು. ಇವರ ಪ್ರಶ್ನೆ ಮುಗಿಯುವ ಮೊದಲೇ ಅವನು ವಿಶ್ವಾಸದಿಂದ ಕೈ ತೋರಿಸಿದ. ಇವರು ಆ ದಿಕ್ಕಿಗೆ ಮಗಳನ್ನು ಎಳೆದುಕೊಂಡು ಹೋಗಿ ರೈಲ್ವೆ ಸ್ಟೇಷನ್ ಮುಟ್ಟಿದರು. ನಮ್ಮಂಥ ಮುಖದವರು ಅವನನ್ನು ಕೇಳುವುದು ಅದೊಂದೇ ಇರಬೇಕು. ಬೇರೆ ದಿನವಾಗಿದ್ದರೆ ಈ ಬುದ್ಧಿವಂತಿಕೆಗೆ ನಾನು ಕೊಡುತ್ತಿದ್ದ ಮಂಗಳಾರತಿಯೇ ಬೇರೆ. ಅಂದು, ಪರವಾಗಿಲ್ಲ, ನಿಧಾನ ಬನ್ನಿ ಎಂದೆ. ಮಗಳು ಪರದೆಯೊಳಗಿಂದ ನನ್ನನ್ನು ಒಂದು ಕ್ಷಣ ನೋಡಿದಳು.

ಎರಡನೆಯದು, ತಲೆಯ ಮೇಲೆ ಕಾಡು ಹೊತ್ತ ಮುದುಕ. ಗೋಪುರದ ತುದಿಯಲ್ಲಿ ನಿಜವಾದ ಮರಗಳಿದ್ದವು. ಯಾರಿಗೆ ಬುದ್ಧಿ ಬಂತೋ, ಅಷ್ಟೆತ್ತರಕ್ಕೆ ಮಣ್ಣು ಹೊತ್ತು ಗಿಡ ನೆಟ್ಟಿದ್ದಾರೆ. ನಮ್ಮವರು ಲಿಫ್ಟ್ ಇದೆಯಾ ಎಂದು ಕೇಳಿ, ಇಲ್ಲವೆಂದು ತಿಳಿದು, ನಾನು ಕೆಳಗೆ ನಿಂತು ಬ್ಯಾಗ್ ಕಾಯುತ್ತೇನೆ ಎಂದರು. ಮಗಳು ನನ್ನನ್ನು ಕೈಯಲ್ಲಿ ಹಿಡಿದು ಒಬ್ಬಳೇ ಹತ್ತಿದಳು. ನಾನು ಕಂಡದ್ದು ಮೆಟ್ಟಿಲು, ಅವಳ ಶೂ, ಮತ್ತೆ ಮೆಟ್ಟಿಲು. ತುದಿಯಲ್ಲಿ ಫೋನನ್ನು ಸುತ್ತ ತಿರುಗಿಸಿದಳು. ಕೆಂಪು ಹೆಂಚಿನ ಮಾಡುಗಳು, ಆಚೆಗೆ ಬೆಟ್ಟ. ಚೆಂದ ಇತ್ತು. ಅಲ್ಲಿ ಅವಳ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಲ್ಲಬೇಕಾಗಿದ್ದವಳು ನಾನು ಎಂದು ಹೊಟ್ಟೆ ಉರಿಯಿತು. "ನೈಸ್ ನೋ?" ಎಂದಳು. "ತುಂಬ ಚೆನ್ನಾಗಿದೆ, ಥ್ಯಾಂಕ್ಯೂ" ಎಂದೆ, ವಿಮಾನದ ಗಗನಸಖಿಗೆ ಹೇಳುವ ಹಾಗೆ. ಅವಳು ಫೋನನ್ನು ಕೆಳಗಿಳಿಸಿ ಮೆಟ್ಟಿಲು ಇಳಿಯತೊಡಗಿದಳು.

ಕೊನೆಯ ಒಗಟು ದೊಡ್ಡ ಇಗರ್ಜಿಯದು, ಊರಿನ ಹಳೆಯ ಚರ್ಚಿನದು. ಬೆರಳು ಮಾತ್ರ ನಡೆಯಬಲ್ಲ ದಾರಿಯನ್ನು ಹುಡುಕು, ಅದರ ನಡುವೆ ಏನಿದೆ ಹೇಳು. ನಾನು ಓದಿ ಮುಗಿಸುವ ಮೊದಲೇ ಮಗಳು ಬಾಗಿಲ ಬಳಿಯ ಕಂಬದಲ್ಲಿ ಅದನ್ನು ಕಂಡಳು. ಕಲ್ಲಿನಲ್ಲಿ ಕೊರೆದ ದುಂಡನೆಯ ಚಕ್ರವ್ಯೂಹ, ಊಟದ ತಟ್ಟೆಗಿಂತ ದೊಡ್ಡದು. ಬೆರಳಿಟ್ಟು ಸುತ್ತಿ ಸುತ್ತಿ ನಡುವಿಗೆ ಬಂದು, ಏನೂ ಇಲ್ಲ, ಮುಟ್ಟಿ ಮುಟ್ಟಿ ಅಳಿಸಿಹೋಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಏನೂ ಇಲ್ಲ ಎಂದೇ ಒತ್ತಿದೆ. ಅದೇ ಸರಿಯುತ್ತರ. ಫೋನಿನ ತುಂಬ ಬಣ್ಣದ ಕಾಗದ ಹಾರಿ, ನೀವು ಲುಕ್ಕಾವನ್ನು ಗೆದ್ದಿರಿ ಎಂದು ಬಂತು. ಅಲಸಂಡೆಯೂ ಮುಗಿದಿತ್ತು.

ಗೆದ್ದದ್ದನ್ನು ಹೇಳೋಣವೆಂದು ಟ್ಯಾಬ್ ನೋಡಿದರೆ ಪರದೆ ಕಪ್ಪಾಗಿತ್ತು. ಕಾಲ್ ಕಟ್ಟಾಗಿರಲಿಲ್ಲ. ಆಯಿತೆಂದುಕೊಂಡು ಮಗಳು ಫೋನನ್ನು ಹಾಗೆಯೇ ಬ್ಯಾಗಿಗೆ ಹಾಕಿದ್ದಳು. ಜನರ ಸದ್ದಿನ ನಡುವೆ ನಮ್ಮವರ ದನಿ ಕೇಳಿತು, "ಎಂಥಾಯ್ತು ಮಗಾ? ಕಾಲು ನೋವಾ?"

"ನಥಿಂಗ್" ಎಂದಳು. ಆಮೇಲೆ ಕನ್ನಡದಲ್ಲಿ, ತಡವರಿಸುತ್ತ, "ಪಪ್ಪ, ಅಮ್ಮ ಇವತ್ತು ಒಂದು ಸಲವೂ ಬೈಯಲಿಲ್ಲ. ಓದ್ತಾರೆ, ಥ್ಯಾಂಕ್ಯೂ ಹೇಳ್ತಾರೆ, ಅಷ್ಟೆ. ಹಾಸ್ಟೆಲಲ್ಲಿ ಎವ್ರಿ ಡೇ ಹೀಗೇ ಇರ್ತದಾ?" ಎಂದಳು. ನಮ್ಮವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅವಳು ಅಳತೊಡಗಿದಳು. ಚಿಕ್ಕವಳಿದ್ದಾಗ ಜ್ವರ ಬಂದರೆ ಅಳುತ್ತಿದ್ದಳಲ್ಲ, ಬಾಯಿ ಮುಚ್ಚಿಕೊಂಡು, ಅದೇ ಅಳು.

ಇಷ್ಟು ದಿನ ನಾನು ದೇವರಲ್ಲಿ ಬೇಡಿಕೊಂಡದ್ದು ಇದನ್ನೇ. ಸಿಕ್ಕಿತಲ್ಲ. ಆದರೆ ಈಗ ಅದು ಬೇಡವಾಯಿತು. ಓಕೆ ಅಮ್ಮ ಎಂದು ಮೀನಿನ ಮುಳ್ಳು ತೆಗೆಯುತ್ತಿದ್ದ ಆ ಕಲ್ಲುಮನಸ್ಸಿನ ಹುಡುಗಿಯೇ ಇರಲಿ, ಹಾಗೆಯೇ ನಗುತ್ತ ಹಾಸ್ಟೆಲ್ ಹತ್ತಲಿ, ನನ್ನ ನೆನಪೇ ಅವಳಿಗೆ ಬಾರದಿರಲಿ ಎಂದು ಅನಿಸಿತು. ಇಷ್ಟು ದೂರದಿಂದ ಮುಖ ಒರೆಸಲೂ ಆಗುವುದಿಲ್ಲ. ಏನು ಹೆಂಗಸು ನಾನು ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಮೆಲ್ಲಗೆ ಕಾಲ್ ಕಟ್ ಮಾಡಿದೆ. ಎದ್ದು ಹೋಗಿ ಮುಖ ತೊಳೆದು ಬಂದು ಮತ್ತೆ ಹಚ್ಚಿದೆ. ಕೆಂಪಾದ ಮೂಗಿನ ಮುಖವೊಂದು ಪರದೆಗೆ ಬಂತು.

"ಎಲ್ಲಿ ಸತ್ತಿದ್ದೀರಿ ಇಬ್ಬರೂ?" ಎಂದೆ. "ಎಷ್ಟು ಹೊತ್ತು ಕಾಯುವುದು ನಾನು? ಆ ಕೂದಲು ನೋಡು, ಭೂತದ ಹಾಗೆ. ಟೊಪ್ಪಿ ಎಲ್ಲಿ? ಬ್ಯಾಗಿಗೆ ಹಾಕಿ ಕೊಟ್ಟದ್ದು ಪೂಜೆ ಮಾಡಲಿಕ್ಕಾ? ಬೆಳಿಗ್ಗೆಯಿಂದ ಒಂದು ಹನಿ ನೀರು ಕುಡಿದಿದ್ದೀಯಾ? ಆ ನಿನ್ನ ಪಪ್ಪನಿಗೆ ಕೊಡು ಫೋನು, ಸ್ಟೇಷನ್ನಿಗೆ ಹೋದದ್ದರ ಲೆಕ್ಕ ಉಂಟು."

ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. ಕರ್ಚೀಫು ಇಲ್ಲವಾ, ನಾಚಿಕೆಗೆಟ್ಟವಳೇ ಎಂದು ಅದಕ್ಕೂ ಬೈದೆ. ಇಗರ್ಜಿಯ ಮೆಟ್ಟಿಲ ಮೇಲೆ ಕೂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದುಕೊಂಡಳು. ನನಗೆ ಹೇಳಲು ಇನ್ನೇನೂ ಉಳಿಯದೆ, ಮೊದಲು ಬೈದದ್ದನ್ನೇ ಇನ್ನೊಂದು ಸಲ ಬೈದೆ. ಅವಳು ಫೋನು ಇಡಲಿಲ್ಲ, ಅಪ್ಪನಿಗೂ ಕೊಡಲಿಲ್ಲ.