ಮೂರಿಂಚಿನ ಮಡಿಕೆ

ಶಾಲಾ ಯೂನಿಫಾರ್ಮ್ ಹೊಲಿಯುವ ಟೈಲರ್ ಪ್ರತಿ ಪ್ಯಾಂಟಿನ ಕಾಲಂಚಿನಲ್ಲೂ ಮೂರಿಂಚು ಬಟ್ಟೆ ಒಳಗೆ ಮಡಚಿಡುತ್ತಿದ್ದ. ಮಕ್ಕಳು ಬೆಳೆದಂತೆ ಮಡಿಕೆ ಬಿಚ್ಚಿದರಾಯಿತು. ಮೂವತ್ತೈದು ವರ್ಷ ಹೀಗೇ ನಡೆಯಿತು. ಆಮೇಲೆ ಎದುರಿನ ಶಾಲೆಯ ಒಂದನೇ ತರಗತಿಗೆ ನಾಲ್ಕೇ ನಾಲ್ಕು ಮಕ್ಕಳು ಸೇರಿದರು. ಸರ್ಕಾರ ಶಾಲೆ ಮುಚ್ಚಿ, ಅದೇ ಕಟ್ಟಡದಲ್ಲಿ ಹಿರಿಯರ ಹಗಲುಮನೆ ತೆರೆಯಿತು. ಎರಡನೇ ಮಗು ಹೆತ್ತರೆ ತೆರಿಗೆ ವಿನಾಯಿತಿ ಎಂದೂ ಸಾರಿತು.

"ಈಗ ಬುದ್ಧಿ ಬಂತಾ ಇವರಿಗೆ?" ಎಂದು ಟೈಲರ್ ಪೇಪರಿಗೆ ಬೈದ.

"ನಿಮಗೆ ಬಂದಿತ್ತಾ?" ಎಂದಳು ಹೆಂಡತಿ. "ಇನ್ನೊಂದು ಮಗು ಬೇಕು ಅಂದಾಗ, ಇರೇ, ಯೂನಿಫಾರ್ಮ್ ಸೀಸನ್ ಮುಗೀಲಿ ಅಂದಿದ್ದು ಯಾರು?"

ಟೈಲರ್ ಪೇಪರ್ ಮಡಚಿದ. ಮಕ್ಕಳ ಬಟ್ಟೆಯ ಭರದಲ್ಲಿ ಮಕ್ಕಳನ್ನೇ ಮರೆತ ಮಹಾನುಭಾವ ತಾನೇ. ಗಿರಾಕಿಗಳ ಬರಕ್ಕೆ ತನ್ನದೂ ಒಂದು ಮಗುವಿನಷ್ಟು ಕಾಣಿಕೆ.

ಅಂಗಡಿ ಮುಚ್ಚುವ ಹಂತದಲ್ಲಿದ್ದಾಗ ಹಗಲುಮನೆಯ ಮೇಲ್ವಿಚಾರಕಿ ನಲವತ್ತು ವ್ಯಾಯಾಮದ ಪ್ಯಾಂಟು ಹೊಲಿಯಲು ಹೇಳಿದಳು. ಸೋಮವಾರದೊಳಗೆ ಸರಿಯಾಗಿ ಕೊಟ್ಟರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ರೆಡಿಮೇಡ್‌ನವರಿಗೆ. ಟೈಲರ್ ಮೈಮರೆತು ಹೊಲಿದು, ಶುಕ್ರವಾರವೇ ಹೊತ್ತು ತಂದ.

ಮೊದಲು ತೊಟ್ಟವರು ಎಪ್ಪತ್ತೆಂಟರ ನಿವೃತ್ತ ಮೇಷ್ಟ್ರು. ಬಗ್ಗಿ ಕಾಲಂಚು ಹಿಸುಕಿ ನೋಡಿದರು.

"ಏನಯ್ಯಾ ಇದು? ನಾನಿನ್ನೂ ಬೆಳೀತೀನಿ ಅಂದ್ಕೊಂಡ್ಯಾ?"

"ನಂಗೆ ನಾಲ್ಕಿಂಚು ಇಡಪ್ಪಾ," ಎಂದಳು ಮೂಲೆಯ ಅಜ್ಜಿ. "ವಯಸ್ಸಿಗೆ ಬಂದವಳು."

ಎಲ್ಲರೂ ನಕ್ಕರು, ಮೇಲ್ವಿಚಾರಕಿ ಒಬ್ಬಳನ್ನು ಬಿಟ್ಟು. "ಟೈಲರೇ, ಈ ಮಡಿಕೆ ಬಿಚ್ಕೊಂಡ್ರೆ ಕಾಲಿಗೆ ತೊಡರಿ ಬೀಳ್ತಾರೆ. ಸೋಮವಾರ ಹೀಗೇ ಇದ್ರೆ ನಾನು ತಗೊಳ್ಳಲ್ಲ."

ಹೊಲಿಗೆ ಬಿಚ್ಚಿ, ಹೆಚ್ಚಿನ ಬಟ್ಟೆ ತೆಗೆದು, ಅಂಚು ಮತ್ತೆ ಹೊಲಿಯಬೇಕು. ನಲವತ್ತು ಪ್ಯಾಂಟು, ಎಂಬತ್ತು ಕಾಲು, ಕೈ ಎರಡೇ. ಇದ್ದೊಬ್ಬ ಮಗಳನ್ನು ಕರೆಯೋಣವೆಂದರೆ ಅವಳು ನರ್ಸು. ಜನ ಸಾಲದೆ ಎರಡೆರಡು ಪಾಳಿ ದುಡಿಯುತ್ತಿದ್ದಳು. ಟೈಲರ್ ಅಲ್ಲೇ ಶಾಲೆಯ ಕಾಲದ ಪುಟಾಣಿ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತು ಹೊಲಿಗೆ ಬಿಚ್ಚತೊಡಗಿದ.

"ಕತ್ತರಿ ಇಲ್ಲಿ ಕೊಡು," ಎಂದರು ಮೇಷ್ಟ್ರು. "ಬಿಚ್ಚೋಕೂ ಡಿಗ್ರಿ ಬೇಕಾ?"

ಒಬ್ಬೊಬ್ಬರಾಗಿ ಹನ್ನೊಂದು ಜನ ಕುಳಿತರು. ಸ್ವಲ್ಪ ಹೊತ್ತಿಗೆ ಟೈಲರ್ ಕಿರುಚಿದ: "ಅಜ್ಜೀ, ದಾರ ಕತ್ತರಿಸಿ, ಬಟ್ಟೆ ಅಲ್ಲ!"

"ಎರಡೂ ನೀಲಿನೇ ಅಲ್ವೇನಪ್ಪಾ?"

ಸೋಮವಾರ ಮೇಲ್ವಿಚಾರಕಿಯ ಮುಂದೆ ಮೂವತ್ತೊಂಬತ್ತು ಪ್ಯಾಂಟು, ಒಂದು ಚಡ್ಡಿ ಇದ್ದವು. ಅವಳು ಚಡ್ಡಿಯನ್ನು ಎತ್ತಿ ಹಿಡಿದು ನೋಡಿದಳು. ಕೊನೆಗೂ ನಕ್ಕು, ವರ್ಷದ ಕೆಲಸದ ಅರ್ಜಿ ಮುಂದಿಟ್ಟಳು.

"ವಯಸ್ಸು?"

ಅರವತ್ತು ದಾಟಿದವರಿಗೆ ಯಾರು ಕೆಲಸ ಕೊಡುತ್ತಾರೆ? "ಐವತ್ತೆಂಟು," ಎಂದ ಟೈಲರ್.

"ಅಯ್ಯೋ!" ಅವಳು ಪೆನ್ನು ಕೆಳಗಿಟ್ಟಳು. "ದುಡಿಯೋರು ಸಾಲ್ತಿಲ್ಲ ಅಂತ ಹೊಸ ನಿಯಮ ಬಂದಿದೆ. ಅರವತ್ತು ದಾಟಿದೋರಿಗೇ ಮೊದಲು ಕೊಡ್ಬೇಕು."

"ಹಾಗಾದ್ರೆ ಅರವತ್ಮೂರು ಮೇಡಂ," ಎಂದ ಟೈಲರ್, ಉಸಿರು ಬಿಡದೆ. "ಬೇಕಾದ್ರೆ ಹೆಂಡತೀನ ಕೇಳಿ. ಅವಳ ಲೆಕ್ಕದಲ್ಲಿ ನಂಗೆ ಎಂಬತ್ತು."