ಪೆರುಮಾಳಣ್ಣನ ಒಂದು ಡಜನ್ ಬಿಯರ್

ನಿದ್ದೆಯಲ್ಲಿ ನನ್ನನ್ನು ಮೀರಿಸುವವರು ಗಣಿಯ ಲೈನುಮನೆಗಳಲ್ಲಿ ಯಾರೂ ಇರಲಿಲ್ಲ. ಅದು ಗೊತ್ತಿದ್ದೂ ಪೆರುಮಾಳಣ್ಣ ತನ್ನ ಬಿಯರ್ ಬಾಟಲಿಗಳನ್ನು ನನಗೆ ಒಪ್ಪಿಸಿದ.

ಇಪ್ಪತ್ತಾರು ವರ್ಷ ಅವನು ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಅಡುಗೆಯವನಾಗಿದ್ದ. ಗಣಿ ಸರ್ಕಾರದ ಕೈಗೆ ಬಂದ ಮರುವರ್ಷ ದೊರೆ ತನ್ನೂರಿಗೆ ಹೊರಟರು. ಹೊರಡುವ ಮುನ್ನ ಅವನ ಕೈಯ ಬಿಯರ್ ಒಂದು ಡಜನ್ ಬೇಕೆಂದರು. ಬದಲಿಗೆ ಬಂಗಲೆಗೆ ಬರುವ ಹೊಸ ಸಾಹೇಬರಿಗೆ ಶಿಫಾರಸು ಪತ್ರ. ಪತ್ರವಿಲ್ಲದೆ ಐವತ್ತೆಂಟರ ಅವನನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ.

ಬಂಗಲೆಯ ತಣ್ಣನೆ ಉಗ್ರಾಣಕ್ಕೆ ಆಗಲೇ ಬೀಗ ಬಿದ್ದಿತ್ತು. ಹಾಗಾಗಿ ನಾನೂ ಬಾಡಿಗೆಗಿದ್ದ ಅವನ ತಗಡಿನ ಮನೆಯಲ್ಲೇ, ಏಪ್ರಿಲ್ ಬಿಸಿಲಿನಲ್ಲಿ, ಕೆಲಸ ಶುರುವಾಯಿತು. ಜಾಡಿಯಲ್ಲಿ ಬಾರ್ಲಿ ಹುದುಗುವ ವಾರವಿಡೀ ಅವನು ಒದ್ದೆ ಗೋಣಿ ಸುತ್ತಿ, ಗಂಟೆಗೊಮ್ಮೆ ನೀರು ಚಿಮುಕಿಸಿ ಸೊರಗಿಹೋದ. ಬಾಟಲಿಗೆ ತುಂಬಿ, ಚಮಚ ಸಕ್ಕರೆ ಹಾಕಿ, ಬಿರಡೆಗೆ ಹುರಿ ಬಿಗಿದ ಮೇಲೂ ಬಿಡುವಿಲ್ಲ. ತೀರ ತಣ್ಣಗಾದರೆ ನೊರೆ ಏಳದು, ಬಿಸಿಯಾದರೆ ಬಾಟಲಿಯೇ ಉಳಿಯದು.

ಒಂದು ಬೆಳಿಗ್ಗೆ, ದೊರೆಯ ಸಾಮಾನು ಕಟ್ಟಲು ಹೊರಟವನು, ಗಣಿಯ ರಾತ್ರಿ ಪಾಳಿ ಮುಗಿಸಿ ಬಂದ ನನ್ನ ಕೆನ್ನೆಗೆ ಬಾಟಲಿ ಒತ್ತಿದ.

"ನೋಡ್ಕೊ ತಂಬಿ. ಮಗೂನ ಹಣೆ ಇದ್ದಂಗಿರ್ಬೇಕು. ಜ್ವರ ಬರಬಾರ್ದು. ಗೋಣಿ ಒಣಗಕ್ಕೆ ಬಿಡ್ಬೇಡ."

"ಓಗಣ್ಣ, ನಾನಿದೀನಿ," ಎಂದೆ. ಇದ್ದೆ ನಿಜ, ಮಲಗಿದ್ದೆ.

ಮಧ್ಯಾಹ್ನ ಢಂ ಎಂದಿತು. ನಮ್ಮಲ್ಲಿ ಅಂಥ ಸದ್ದಾದರೆ ಯಾರೂ ಏನೆಂದು ಕೇಳುವುದಿಲ್ಲ. ಗಣಿಯೊಳಗೆ ಬಂಡೆ ಸಿಡಿಯಿತೆಂದು ಶಾಫ್ಟಿನ ಬಾಯಿಗೆ ಓಡುತ್ತಾರೆ. ಗಂಡ ಹಗಲು ಪಾಳಿಗೆ ಕೆಳಗಿಳಿದಿದ್ದ ಪಕ್ಕದ ಮನೆಯ ಅಮ್ಮಾಜಮ್ಮ ಎದೆ ಬಡಿದುಕೊಂಡು ಓಡಿದಳು. ಹಿಂದೆ ಇಡೀ ಸಾಲು. ಅದರ ಹಿಂದೆ ಲುಂಗಿ ಹಿಡಿದುಕೊಂಡು, ಬಾಟಲಿಗಳನ್ನು ದಾಟಿಕೊಂಡೇ, ನಾನು.

"ಕೆಳಗೇನೂ ಆಗಿಲ್ಲ, ಎಲ್ರೂ ಉಣ್ತಾವ್ರೆ," ಎಂದ ಶಾಫ್ಟಿನ ಕಾವಲಿನವನು. ಆಗ ನನಗೆ ಗೋಣಿ ನೆನಪಾಯಿತು.

ವಾಪಸು ಬರುವಷ್ಟರಲ್ಲಿ ಒಂಬತ್ತು ಒಡೆದಿದ್ದವು. ಬಾಗಿಲಲ್ಲೇ ವಾಸನೆ ಹಿಡಿದ ಅಮ್ಮಾಜಮ್ಮ ಸೊಂಟಕ್ಕೆ ಕೈಯಿಟ್ಟಳು. "ಥೂ ನಿನ್ನ! ಬೀರಿಗೋಸ್ಕರ ನನ್ ಗಂಡನ್ನ ಸಾಯ್ಸಿದ್ಯಲ್ಲೋ ಸೊಣ್ಣಪ್ಪ!"

ಸಂಜೆ ಬಂದ ಪೆರುಮಾಳಣ್ಣ ಬೈಯಲಿಲ್ಲ. ಗಾಜು ಆಯ್ದ. ಉಳಿದ ಮೂರನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ದೊರೆಯ ಬಳಿಗೆ ಹೋದ. ಮೂರನ್ನೇ ಕುಡಿದು ದೊರೆ ಪತ್ರ ಕೊಟ್ಟರು ಎಂದಾಗ ನನಗೆ ಜೀವ ಬಂದಂತಾಯಿತು.

ಮುಂದಿನ ವಾರ ಹೊಸ ಸಾಹೇಬರು ವರಾಂಡದಲ್ಲಿ ಅದನ್ನು ಓದಿದರು. ಇಂಥ ಬಿಯರ್ ಮಾಡುವವನು ಇಂಡಿಯಾದಲ್ಲೇ ಇಲ್ಲವೆಂದು ಪುಟ ತುಂಬಿತ್ತು. ಅಡುಗೆಯ ಬಗ್ಗೆ ಒಂದಕ್ಷರವಿರಲಿಲ್ಲ. ಸಾಹೇಬರು ಮದ್ಯದ ನೆರಳನ್ನೂ ಸಹಿಸದವರು. ಪತ್ರ ಮಡಚಿ ವಾಪಸು ಕೊಟ್ಟರು.

ಮನೆಗೆ ಬಂದ ಪೆರುಮಾಳಣ್ಣ ಹೊಸಿಲ ಮೇಲೆ ಕೂತು ಕಾಲು ಚಾಚಿದ.

"ಯಾವ ಕೆಲಸಾನೂ ನೀನು ಪೂರ್ತಿ ಮಾಡಲ್ಲ ತಂಬಿ. ಒಂಬತ್ತು ಒಡೆಸ್ದೋನು ಮೂರು ಯಾಕೆ ಬಿಟ್ಟೆ? ಎಲ್ಲಾ ಓಗಿದ್ದಿದ್ರೆ ದೊರೆ ನನ್ ಸಾರಿನ್ ವಿಷ್ಯ ಬರೀತಿದ್ರು."